ವಿಭೂತಿ ಹಚ್ಚಿದ ಡೀಸೆಲ್ ಕ್ಯಾನು

ಡೀಸೆಲ್ ಜೀಪಿಗೆ ನೀರು ಕುಡಿಸಿದ ಮಹಾನುಭಾವ ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಂದು ಚೊಂಬಲ್ಲ, ಎರಡು ಚೊಂಬಲ್ಲ, ಹೆಚ್ಚುಕಡಿಮೆ ಅರ್ಧ ಕ್ಯಾನು! ಅದೂ ಮನೆಯ ಅಂಗಳದಲ್ಲಲ್ಲ, ಸಂಡೂರಿನ ಗುಡ್ಡದ ಮೇಲೆ, ಫೋನಿಗೆ ಸಿಗ್ನಲ್ ಕೂಡ ಹತ್ತಿಬರದ ಜಾಗದಲ್ಲಿ. ಅದೂ ಯಾರ ಜೀಪಿಗೆ? ಮನುಷ್ಯರಿಗಿಂತ ಕ್ಯಾನುಗಳನ್ನು ಹೆಚ್ಚು ನಂಬುತ್ತಿದ್ದ ನಮ್ಮ ಸೋದರಮಾವನ ಜೀಪಿಗೆ! ಮಾಮ ಇದ್ದಿದ್ದರೆ ಇದನ್ನು ಬರೆಯಲು ಬಿಡುತ್ತಿರಲಿಲ್ಲ.

ನಂಬುತ್ತಿದ್ದ ಅಂದರೆ ಅಂತಿಂಥ ನಂಬಿಕೆಯಲ್ಲ. ಹೆಂಡತಿಯ ತವರಿನವರ ಹೆಸರುಗಳನ್ನು ಅದಲುಬದಲು ಮಾಡುತ್ತಿದ್ದ. ನನಗೊಂದು ಹೆಸರಿದೆ ಎಂಬುದೇ ಅವನಿಗೆ ನೆನಪಿರಲಿಲ್ಲ, 'ಅಳಿಯಾ' ಅಂದರೆ ಮುಗಿಯಿತು. ಆದರೆ ಯಾವ ಕ್ಯಾನಿನ ವಾಷರ್ ಯಾವ ಮಳೆಗಾಲದಲ್ಲಿ ಬದಲಾಯಿಸಿದ್ದು ಎಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದ. ವಾರವೆಲ್ಲ ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಹೊಟ್ಟಿನ ಧೂಳು ತಿನ್ನುತ್ತಿದ್ದ ಮನುಷ್ಯ, ಭಾನುವಾರ ಬಂತೆಂದರೆ ಹೊಸಪೇಟೆಯ ಮನೆಯಿಂದ ಹಳೆಯ ಜೀಪು ಹೊರಡಿಸಿ, ಕಲ್ಲು, ಮುಳ್ಳು, ಹಳ್ಳ ಎಲ್ಲಿದೆಯೋ ಹುಡುಕಿಕೊಂಡು ಹೋಗುತ್ತಿದ್ದ. ಡಾಂಬರು ರಸ್ತೆ ಕಂಡರೆ ಸಪ್ಪೆ ಸಾರು ಬಡಿಸಿದವರ ಕಡೆ ನೋಡಿದಂತೆ ನೋಡುತ್ತಿದ್ದ.

ಆ ಜೀಪಿನ ಡೀಸೆಲ್ ಟ್ಯಾಂಕಿಗೆ ಮೇಲ್ಗಡೆ ಒಂದು ಸೀಳಿತ್ತು. ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ ಸೋರುತ್ತಿತ್ತು. ಹೊಸ ಟ್ಯಾಂಕು ಹಾಕಿಸಬಾರದೇ ಎಂದು ನೀವು ಕೇಳಬಹುದು. ಹಾಕಿಸಿದರೆ ಕ್ಯಾನುಗಳಿಗೆ ಏನು ಕೆಲಸ ಕೊಡುವುದು, ಸ್ವಾಮಿ!

ಅವನು ಕ್ಯಾನು ಕೊಳ್ಳುವುದನ್ನು ನೋಡಲು ಪುಣ್ಯ ಮಾಡಿರಬೇಕು. ಹೊಸಪೇಟೆಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ನನ್ನನ್ನೂ ಅತ್ತೆಯನ್ನೂ ಬಿಸಿಲಲ್ಲಿ ನಿಲ್ಲಿಸಿ, ಒಂದೊಂದು ಕ್ಯಾನನ್ನೂ ಬೆರಳಿನಿಂದ ತಟ್ಟಿ ಕಿವಿಗಿಟ್ಟು ಕೇಳಿದ. ಬಾಯಿಟ್ಟು ಗಾಳಿ ಊದಿ, ಮುಚ್ಚಳ ಬಿಗಿದು, ಅಂಗಡಿಯವನ ಕುಡಿಯುವ ನೀರಿನ ಬಕೆಟ್ಟಿಗೇ ಅದ್ದಿ ಗುಳ್ಳೆ ಬರುತ್ತದೋ ಎಂದು ನೋಡಿದ. ಪ್ಲಾಸ್ಟಿಕ್ ಎಣ್ಣೆ ಡಬ್ಬ ತೋರಿಸಿದರೆ, "ಇದರಾಗ ವಡಿ ಕರಿ ಹೋಗು" ಎಂದ. ಅಂಗಡಿಯವನಿಗೆ ತಾಳ್ಮೆ ಕೆಟ್ಟಿತು.

"ಸಾವ್ಕಾರ್ರ, ಹೆಣ್ಣು ನೋಡಾಕ ಹೋದವ್ರೂ ಇಷ್ಟು ನೋಡಂಗಿಲ್ಲ ಬಿಡ್ರಿ."

"ಆಗ ನೋಡ್ಲಿಲ್ಲ ಅಂತನ ಈಗ ನೋಡಾಕತ್ತೀನಪ್ಪ," ಎಂದು ಮಾಮ ಅತ್ತೆಯ ಕಡೆ ಕಣ್ಣು ಹೊಡೆದ.

ಅತ್ತೆ ಬಿಡುವವಳೇ? "ನಮ್ಮಪ್ಪನೂ ನಿಮ್ಮನ್ನ ಬಕೀಟಿನಾಗ ಅದ್ದಿ ನೋಡಬೇಕಿತ್ತು," ಎಂದಳು.

ಕೊನೆಗೆ ಆರಿಸಿದ್ದು ಒಂದೇ ಅಚ್ಚಿನ ನಾಲ್ಕು ಕಬ್ಬಿಣದ ಕ್ಯಾನುಗಳನ್ನು. ಅಳತೆ ಒಂದೇ ಇದ್ದರೆ ಕಟ್ಟುವುದು ಸುಲಭವಂತೆ. ಎರಡು ಡೀಸೆಲಿಗೆ, ಎರಡು ನೀರಿಗೆ.

ಕೊಂಡರೆ ಮುಗಿಯಲಿಲ್ಲ, ತುಂಬಿಸುವುದೂ ಒಂದು ವ್ರತ. ಪೆಟ್ರೋಲ್ ಬಂಕಿನಲ್ಲಿ ಕ್ಯಾನನ್ನು ಜೀಪಿನಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಿಸಬೇಕು. ಮೇಲೆ ನಾಲ್ಕು ಬೆರಳು ಖಾಲಿ ಬಿಡಬೇಕು. ಬಂಕಿನವನು ಒಮ್ಮೆ, "ಫುಲ್ ಹಾಕ್ಲೇನ್ರಿ?" ಎಂದು ಕೇಳಿ ಸಿಕ್ಕಿಬಿದ್ದ. "ನೀ ಹೊಟ್ಟಿ ಬಿರಿಯಾ ಉಂಡು ಈ ಬಿಸಲಾಗ ಕುಣದು ನೋಡು. ಆಮ್ಯಾಲ ಕೇಳು," ಎಂದ ಮಾಮ. ಬಿಸಿಲಿಗೆ ಡೀಸೆಲ್ ಉಬ್ಬುತ್ತದೆ ಎಂಬುದನ್ನು ಅಷ್ಟು ಚೆನ್ನಾಗಿ ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿರಲಿಲ್ಲ.

ಹೊರುವುದಕ್ಕಂತೂ ದೊಡ್ಡ ಶಾಸ್ತ್ರವೇ ಇತ್ತು. ಜೀಪಿನ ಹಿಂದೆ, ಆದಷ್ಟು ಕೆಳಗೆ, ಗೋಣಿಚೀಲ ಹಾಸಿ, ಸೈಕಲ್ ಟ್ಯೂಬಿನಿಂದ ಬಿಗಿಯಬೇಕು. ನಾನೊಮ್ಮೆ ಜಾಣತನ ತೋರಿಸಿ, "ಮಾಮಾ, ಟಾಪ್ ಮ್ಯಾಲ ಕಟ್ಟೋಣು, ನೋಡಾಕ ಮಸ್ತ್ ಕಾಣ್ತೈತಿ, ರೀಲ್ಸಿಗೆ ಹಾಕಬಹುದು," ಎಂದೆ. ಅವನು ನನ್ನ ತಲೆಯ ಮೇಲೆ ಅಂಗೈಯಿಟ್ಟು ಕೆಳಕ್ಕೆ ಒತ್ತಿದ. ನಾನು ಓಲಾಡಿದೆ.

"ತಿಳೀತೇನು? ತಲಿ ಮ್ಯಾಲ ಭಾರ ಕಟ್ಟಿದ್ರ ಗುಡ್ಡದಾಗ ಗಾಡಿ ಮಗುಚ್ತೈತಿ."

ಇಷ್ಟೆಲ್ಲ ಕಟ್ಟಿಕೊಂಡು ಎಲ್ಲಿಗೆ ಹೋಗುತ್ತಿದ್ದೆವು ಅಂದುಕೊಂಡಿರಿ? ಎಷ್ಟೋ ಸಲ ಹಂಪಿಗೆ! ಕಮಲಾಪುರ ದಾಟಿ, ಬುಕ್ಕಸಾಗರದ ಕಡೆ ಬಂಡೆಗಳ ಸಂದಿಯಲ್ಲಿ ಹೊಕ್ಕು, ಮಧ್ಯಾಹ್ನದ ಊಟಕ್ಕೆ ವಾಪಸ್ಸು. "ಹಂಪಿಗೆ ಹೋಗಾಕ ನಾಕು ಕ್ಯಾನು! ಕಾಶಿಗೆ ಹೊಂಟ್ರ ಹಿಂದ ಟ್ಯಾಂಕರ್ ಬರಬೇಕೇನ್ರಿ?" ಎಂದು ಅತ್ತೆ ಹೊಸ್ತಿಲಲ್ಲೇ ನಿಂತು ಕೂಗುತ್ತಿದ್ದಳು. ನೆಂಟರೆಲ್ಲ ನಗುತ್ತಿದ್ದರು. ಎಮ್ಮಿಗನೂರಿನ ಮದುವೆಗೆ ಹೊರಟ ಮದುಮಗನ ಕಾರು ಭತ್ತದ ಗದ್ದೆಗಳ ನಡುವೆ ಡೀಸೆಲ್ ಮುಗಿದು ನಿಂತ ದಿನ ಮಾತ್ರ ಯಾರೂ ನಗಲಿಲ್ಲ. ಮಾಮ ಕ್ಯಾನು ಹೊತ್ತು ನಡೆದು ಬಂದ ಗತ್ತು ನೋಡಬೇಕಿತ್ತು! ತಾಳಿಯನ್ನೇ ತಂದವನ ಹಾಗೆ ಬಂದ. ಆಮೇಲೆ ಆ ದಂಪತಿಗೆ ಮಗು ಹುಟ್ಟಿದಾಗಲೂ ಅರ್ಧ ಪುಣ್ಯ ತನಗೇ ಸೇರಬೇಕು ಎಂಬಂತೆ ಮಾತಾಡಿದ.

ಈಗ ವಿಭೂತಿಯ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ ಬರುತ್ತೇನೆ.

ನಾಲ್ಕೂ ಕ್ಯಾನು ಒಂದೇ ತರ ಇದ್ದುದರಿಂದ ಅತ್ತೆ ಒಂದು ದಿನ ಡೀಸೆಲನ್ನೇ ದಾಸವಾಳದ ಗಿಡಕ್ಕೆ ಹಾಕಿದಳು. ಗಿಡ ಸತ್ತಿತು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಮೂರನೆಯ ಬೆಳಿಗ್ಗೆ ಮಾಮ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಅದೇ ಕೈಯಲ್ಲಿ ಹೊರಗೆ ಬಂದು ಡೀಸೆಲ್ ಕ್ಯಾನುಗಳೆರಡಕ್ಕೂ ಮೂರು ಮೂರು ಗೀಟು ಎಳೆದ. ನೀರಿನ ಕ್ಯಾನುಗಳಿಗೆ ಏನೂ ಇಲ್ಲ.

"ಕೆಂಪು ಬಣ್ಣ ಹಚ್ಚಿದ್ರ ಆಗ್ತಿದ್ದಿಲ್ಲೇನು?" ಎಂದು ನಾನು ಕೇಳಿದೆ.

"ಬಣ್ಣಕ್ಕ ಯಾರ್ ಮರ್ಯಾದಿ ಕೊಡ್ತಾರಲೇ? ವಿಭೂತಿ ಇದ್ರ ನಮ್ಮ ಮನ್ಯಾಗ ಯಾರೂ ಕಾಲು ತಾಕ್ಸಂಗಿಲ್ಲ, ಕೇಳದ ಮುಟ್ಟಂಗಿಲ್ಲ."

ಹಾಗೇ ಆಯಿತು. ಅಂದಿನಿಂದ ದಿನಾ ಬೆಳಿಗ್ಗೆ ಅವನ ಹಣೆಗೆ ಮೂರು ಗೀಟು, ಕ್ಯಾನಿಗೆ ಮೂರು ಗೀಟು. ಮನೆಗೆ ಬಂದ ಸ್ವಾಮಿಗಳೊಬ್ಬರು ಕೈಮುಗಿದು, ಇದೇನು ಎಂದು ವಿಚಾರಿಸಿದರು. ಡೀಸೆಲ್ ಅಂತ ಗೊತ್ತಾದಾಗ ಮುಗಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು ಪಾಪ! ಆದರೆ ಆಮೇಲೆ ಒಂದು ಗಿಡವೂ ಸಾಯಲಿಲ್ಲ.

ಹೋದ ವರ್ಷದ ಆಯುಧಪೂಜೆ. ಮಾಮ ಮಿಲ್ಲಿನ ಪೂಜೆಗೆ ಕಂಪ್ಲಿಗೆ ಹೋಗುವ ಮುಂಚೆ ನನಗೆ ಹೇಳಿದ: "ಜೀಪಿನ ಪೂಜಿ ನೀ ಮಾಡಲೇ ಅಳಿಯಾ. ಗಾಡಿ, ಜಾಕು, ಪಾನಾ, ಎಲ್ಲಾಕ್ಕೂ ವಿಭೂತಿ ಹಚ್ಚು."

ಎಲ್ಲಾಕ್ಕೂ ಎಂದನಲ್ಲ! ನಾನು ಜೀವನದಲ್ಲಿ ಹೇಳಿದ ಕೆಲಸವನ್ನು ಪೂರ್ತಿ ಮಾಡಿದ್ದು ಅದೊಂದೇ ಸಲ. ಬಾನೆಟ್ಟಿಗೆ, ಸ್ಟೆಪ್ನಿಗೆ, ಸುತ್ತಿಗೆಗೆ, ಹಗ್ಗಕ್ಕೆ, ಕೊನೆಗೆ ನಾಲ್ಕೂ ಕ್ಯಾನುಗಳಿಗೆ ಅಂಗೈ ತುಂಬ ವಿಭೂತಿ ತೆಗೆದುಕೊಂಡು ಎಳೆದೆ. ಚೆಂಡುಹೂವಿನ ಸರ ಹಾಕಿದೆ. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಮರುದಿನ ಬೆಳಿಗ್ಗೆ ಸಂಡೂರಿನ ಗುಡ್ಡಕ್ಕೆ ಹೊರಟೆವು. ಮಾಮ ಹಿಂದೆ ಬಂದು ಹೊರಗಡೆ ಕಾಣುತ್ತಿದ್ದ ಎರಡು ಕ್ಯಾನುಗಳನ್ನು ನೋಡಿದ. "ಅಡ್ಡಿಯಿಲ್ಲಲೇ, ಗೀಟು ನೆಟ್ಟಗ ಎಳದಿ, ಇವತ್ತ ನಾ ಹಚ್ಚೋದು ಬ್ಯಾಡ," ಎಂದು ಬೆನ್ನು ತಟ್ಟಿದ. ಗೋಣಿಚೀಲದ ಹಿಂದಿದ್ದ ಇನ್ನೆರಡನ್ನು ನೋಡಲಿಲ್ಲ.

ಹಳೆಯ ಗಣಿಯ ದಾರಿ. ಮಳೆ ಮುಗಿದು ಗುಡ್ಡವೆಲ್ಲ ಹಸಿರು, ಚಕ್ರದ ಕೆಳಗೆ ಮಾತ್ರ ಕೆಂಪು ಮಣ್ಣು. ಏರಿನ ಮಧ್ಯೆ ಮಾಮ ಜೀಪು ನಿಲ್ಲಿಸಿ, ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟು ನೋಡಿ, "ವಿಭೂತಿ ಕ್ಯಾನು ತಗೊಂಡು ಹಾಕಲೇ," ಎಂದ. ಅವನು ಎಡಭುಜ ಒತ್ತಿಕೊಳ್ಳುತ್ತ ಕಲ್ಲಿನ ಮೇಲೆ ಕುಳಿತಿದ್ದ. ನನಗೆ ಕಂಡಿತು. ಸ್ಟೇರಿಂಗ್ ತಿರುಗಿಸಿ ನೋವಾಗಿರಬೇಕು ಅಂದುಕೊಂಡೆ. ಒಂದು ಕೈಯಲ್ಲಿ ಫೋನು ಹಿಡಿದು ವಿಡಿಯೋ ಮಾಡುತ್ತ, ಇನ್ನೊಂದು ಕೈಯಲ್ಲಿ ಸಿಕ್ಕ ಕ್ಯಾನು ಬಗ್ಗಿಸಿದೆ. ವಾಸನೆ ಬರಲಿಲ್ಲವೇ ಎಂದು ಕೇಳುತ್ತೀರಿ. ನೆಗಡಿಯಿಂದ ಎರಡು ದಿನದಿಂದ ಮೂಗು ಕಟ್ಟಿತ್ತು, ಸ್ವಾಮಿ! ಮಲ್ಲಿಗೆಯೂ ಒಂದೇ, ಡೀಸೆಲೂ ಒಂದೇ.

ಜೀಪು ಒಂದು ತಿರುವು ಹತ್ತಿತು. ಕೆಮ್ಮಿತು. ನಡುಗಿ ನಿಂತೇಬಿಟ್ಟಿತು.

ಮಾಮ ಕೆಳಗೆ ತೂರಿ, ಟ್ಯಾಂಕಿನ ಅಡಿಯ ಬೋಲ್ಟು ಸ್ವಲ್ಪ ಸಡಿಲಿಸಿ, ಇಳಿದದ್ದನ್ನು ಬೆರಳಲ್ಲಿ ಉಜ್ಜಿ ನೋಡಿದ. ಎದ್ದು ಹಿಂದೆ ಬಂದು ಗೋಣಿಚೀಲ ಸರಿಸಿದ. ನಾಲ್ಕು ಕ್ಯಾನುಗಳು ಹಣೆತುಂಬ ವಿಭೂತಿ ಹಚ್ಚಿಕೊಂಡು ಸಾಲಾಗಿ ಕುಳಿತಿದ್ದವು.

"ನೀರಿಗೂ ದೀಕ್ಷಾ ಕೊಟ್ಟುಬಿಟ್ಟೇನಲೇ ಅಳಿಯಾ?" ಎಂದ.

ನಾನು ಬಿದ್ದು ಬಿದ್ದು ನಕ್ಕೆ. ಅವನೂ ನಕ್ಕ. ನಗುತ್ತಲೇ ಚಕ್ರಕ್ಕೆ ಒರಗಿ ಕೆಳಗೆ ಕುಳಿತ. ಅಂಗಿ ಒದ್ದೆಯಾಗಿತ್ತು. ಅಷ್ಟು ಬಿಸಿಲಿರಲಿಲ್ಲ.

"ಎದಿ ಹಿಡದಂಗ ಆಗೈತಿ," ಎಂದ.

ಕೆಳಗೆ ಓಡಿಹೋಗಿ ಯಾವುದಾದರೂ ಟಿಪ್ಪರ್ ಕರೆತರುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದ. "ನೀ ಓಡಿ ಹೋಗಿ ಬರೋತನಕ ನಾ ಇರಂಗಿಲ್ಲ. ಪಾನಾ ತಗೋ. ಹೇಳ್ದಂಗ ಮಾಡು."

ಸ್ಪ್ಯಾನರಿನಿಂದ ಅಡಿಯ ಬೋಲ್ಟು ಬಿಚ್ಚಿ ಟ್ಯಾಂಕು ಪೂರ್ತಿ ಖಾಲಿ ಮಾಡಿದೆ. ಫಿಲ್ಟರ್ ಬಿಚ್ಚಿ ನೀರು ಚೆಲ್ಲಿದೆ. ಕೈ ಜಾರಿ ಬೋಲ್ಟು ಬಿತ್ತು. "ನಿನ್ನ ಎಡಗಾಲಿನ ಹತ್ರ ಐತಿ, ಅಳಬ್ಯಾಡ, ಮೊದ್ಲ ಮೂಗು ಕಟ್ಟೈತಿ," ಎಂದ. ಆಮೇಲೆ ದೊಡ್ಡ ಪ್ರಶ್ನೆ ಬಂತು. ಉಳಿದ ಮೂರರಲ್ಲಿ ಡೀಸೆಲ್ ಯಾವುದು? ಕ್ಯಾನನ್ನೇ ಹೊತ್ತುಕೊಂಡು ಹೋಗಿ ಅವನ ಮೂಗಿನ ಬಳಿ ಹಿಡಿದೆ. ತಲೆ ಅಲ್ಲಾಡಿಸಿದ. ಎರಡನೆಯದನ್ನು ಹಿಡಿದೆ. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದುಕೊಂಡ. ದೇವರ ಮನೆಯಲ್ಲೂ ಅವನ ಮುಖ ಅಷ್ಟು ನೆಮ್ಮದಿಯಾಗಿದ್ದುದನ್ನು ನಾನು ನೋಡಿರಲಿಲ್ಲ.

"ಹ್ಞಾಂ. ಇದನ್ನ ಹಾಕು."

ಹಾಕಿದೆ. ಎಂಜಿನಿಗೆ ಡೀಸೆಲ್ ಏರಿಸುವ ಕೈಪಂಪನ್ನು ಅದು ಗಟ್ಟಿಯಾಗುವವರೆಗೆ ಒತ್ತಿದೆ. ಎಷ್ಟೋ ಸಲ ಚಾವಿ ತಿರುಗಿಸಿದ ಮೇಲೆ ಜೀಪು ಹೊಗೆ ಕಾರಿ ಎದ್ದಿತು. ಅವನನ್ನು ಎತ್ತಿ ಕೂರಿಸಿಕೊಂಡು ಜೀಪನ್ನು ಗುಡ್ಡದಿಂದ ಇಳಿಸಿದೆ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ, "ಬ್ರೇಕ್ ತುಳೀಬ್ಯಾಡ, ಸೆಕೆಂಡ್ ಗೇರಿನಾಗ ಬಿಡು," ಅನ್ನುತ್ತಿದ್ದ. ಸಂಡೂರಿನ ಆಸ್ಪತ್ರೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಹೊಸಪೇಟೆ. "ಇನ್ನೊಂದು ಸ್ವಲ್ಪ ಮೊದಲು ತಂದಿದ್ರೆ..." ಎಂದು ಡಾಕ್ಟರು ಮಾತು ನಿಲ್ಲಿಸಿದರು. ಅತ್ತೆ ಅಲ್ಲೇ ನಿಂತಿದ್ದಳು. ನಾನು ಚಪ್ಪಲಿಯ ಕೆಂಪು ಮಣ್ಣು ನೋಡುತ್ತ ನಿಂತೆ. ಔಷಧಿ ಚೀಟಿ ಕೈಗೆ ಬಂದಾಗ ಬದುಕಿದೆ ಎಂಬಂತೆ ಅಲ್ಲಿಂದ ಓಡಿದೆ.

ಮರುದಿನ ಮಾಮ ಹೋದ.

ಅಂಗಳದಲ್ಲಿ ಅವನನ್ನು ಕೂರಿಸಿದ್ದರು. ಹಣೆಗೆ, ತೋಳಿಗೆ, ಎದೆಗೆ ಮೂರು ಮೂರು ಗೀಟು ವಿಭೂತಿ. ಅವನದೇ ನಿಯಮದ ಪ್ರಕಾರ ಹಾಗೆ ಗೀಟು ಇದ್ದರೆ ಒಳಗೆ ಇನ್ನೂ ಡೀಸೆಲ್ ಇದೆ ಎಂದರ್ಥ. ನಾನು ಬಹಳ ಹೊತ್ತು ನೋಡಿದೆ.

ನೀರು ಹಾಕಿದ್ದು ಯಾರು ಎಂದು ನೆಂಟರು ಯಾವಾಗ ಕೇಳುತ್ತಾರೋ ಎಂದು ಒಬ್ಬೊಬ್ಬರ ಮುಖ ನೋಡುತ್ತಿದ್ದೆ. ಯಾರೂ ಕೇಳಲಿಲ್ಲ. ಹಿಂದಿನ ಸಾಲಿನಲ್ಲಿ ಕಂಪ್ಲಿಯ ಹಿರಿಯರೊಬ್ಬರು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದರು: "ಜೀವನಾ ಪೂರ್ತಿ ಕ್ಯಾನು ಕ್ಯಾನು ಅಂದ. ಕಡೀಗೆ ತಾನ ಡೀಸೆಲ್ ಅಂತ ನೀರು ಹಾಕ್ಕೊಂಡನಂತ ನೋಡ್ರಿ. ಎಂಥಾ ಮನಷ್ಯಾ!" ಪಕ್ಕದವರು ಆ ದುಃಖದಲ್ಲೂ ಮೀಸೆಯೊಳಗೇ ನಕ್ಕರು.

ನಾನು ಎದ್ದೆ. ಹಾಕಿದ್ದು ಅವನಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಬಂದು ತೋಳು ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದಳು. ಯಾರೋ ಜೀಪಿನಿಂದ ಇಳಿಸಿಟ್ಟಿದ್ದ ಕ್ಯಾನುಗಳು ಅಲ್ಲೇ ಗೋಡೆಗೆ ಒರಗಿದ್ದವು.

"ಸುಮ್ನಿರು ತಮ್ಮಾ," ಎಂದಳು. "ನನಗೆಲ್ಲಾ ಗೊತ್ತೈತಿ. ನೀ ಔಷಧಿ ತರಾಕ ಹೋದಾಗ ಬಂದವ್ರಿಗೆಲ್ಲಾ ತಾವ ಹೇಳಿದ್ರು, ನಂದ ಕಣ್ಣು ತಪ್ಪಿತು, ನಾನ ನೀರು ಹಾಕ್ದೆ ಅಂತ. ಅವ್ರೆಲ್ಲಾ ಹೋದ ಮ್ಯಾಲ ನನ್ನ ಕೈ ಹಿಡ್ಕೊಂಡ್ರು. 'ನೀನೂ ಹಂಗ ಹೇಳು. ನನ್ನ ಗಾಡಿ ಹೆಂಗೂ ನಿಂತತಿ, ಅವಾ ಇನ್ನಾ ಭಾಳ ದೂರ ಓಡಿಸ್ಬೇಕು. ಹುಡುಗನ ತಲಿ ಮ್ಯಾಲ ಭಾರ ಕಟ್ಟಬ್ಯಾಡ, ಮಗುಚ್ತಾನ' ಅಂದ್ರಪ್ಪಾ."