ಶೇಂಗಾ ಏರಿಸುವ ಹೊತ್ತು

ನಮ್ಮ ಕಾಕಾನಂಥ ಜೂಜುಗಾರ ಘಟಪ್ರಭಾ ಹೊಳೆಯ ಎರಡೂ ದಂಡೆಗಳಲ್ಲಿ ಇರಲಿಲ್ಲ. ವಾರ ತಪ್ಪದೆ ಆಡುತ್ತಿದ್ದರು, ಆಟಕ್ಕೆ ಜನರನ್ನು ಮನೆಗೇ ಕರೆಸುತ್ತಿದ್ದರು, ಮೋಸವನ್ನೂ ಮಾಡುತ್ತಿದ್ದರು. ಆದರೆ ಜನ್ಮದಲ್ಲಿ ಒಂದು ದುಡ್ಡನ್ನೂ ಪಣಕ್ಕಿಟ್ಟವರಲ್ಲ! ಅಂಥವರು ಎಂಥ ಜೂಜುಗಾರರು ಎಂದು ಕೇಳುತ್ತೀರಾ? ಪೂರ್ತಿ ಕೇಳಿಸಿಕೊಂಡು ಆಮೇಲೆ ನೀವೇ ತೀರ್ಮಾನಿಸಿ.

ಕಾಕಾ ಅಂದರೆ ನನ್ನ ತಂದೆಯ ದಾಯಾದಿ ತಮ್ಮ. ಸ್ಟೇಶನ್ನಿನ ಬಾಜೂಕ್ಕೆ ಅವರ ಬೆಲ್ಲದ ಅಂಗಡಿ, ಅದರ ಬೆನ್ನಿಗೇ ಮನೆ. ಮಕ್ಕಳಿರಲಿಲ್ಲ. ಅವರ ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತಾಡುವ ಬಾಯಿ ಒಂದೇ ಉಳಿದಿತ್ತು, ಅದಕ್ಕೆ ಕೇಳುವ ಕಿವಿ ಇರಲಿಲ್ಲ. ನಾನಾದರೂ ಆಗ ಅದೇ ಸ್ಟೇಶನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಲಗ್ನವಾಗಿರಲಿಲ್ಲ. ಒಂದು ಖೋಲಿ, ಒಂದು ಹೊರಸು, ಗೋಡೆಯ ಮೇಲೊಂದು ಹಲ್ಲಿ, ಇಷ್ಟು ನನ್ನ ಸಂಸಾರ. ಐತವಾರ ಮಧ್ಯಾಹ್ನ ಊಟವಾದದ್ದೇ ತಡ, ಕಾಕಾನ ಮನೆ ಸೇರುತ್ತಿದ್ದೆ. ಇನ್ನಿಬ್ಬರು ಬರುತ್ತಿದ್ದರು: ನೌಕರಿಯಿಂದ ನಿವೃತ್ತರಾದ ಮಾಸ್ತರರು ಒಬ್ಬರು, ಬೆಲ್ಲದ ಬಾಗೇವಾಡಿ ಎಂಬ ಊರಿನ ಕಡೆಯಿಂದ ಬಂದು ಜವಳಿ ಅಂಗಡಿ ಇಟ್ಟಿದ್ದ ಸಾವಕಾರರು ಒಬ್ಬರು. ಜಮಖಾನೆ ಹಾಸುವುದು, ಇಸ್ಪೀಟು ಹಂಚುವುದು, ಮೂರೆಲೆ ಆಟ.

ನಾವು ಜೈನರು, ನಮಗೆ ಜೂಜು ಏಳು ವ್ಯಸನಗಳಲ್ಲಿ ಮೊದಲನೆಯದು. ಅದಕ್ಕೇ ಕಾಕಾ ಹಣದ ಬದಲು ಹುರಿದ ಶೇಂಗಾ ಇಡುತ್ತಿದ್ದರು.

"ಶೇಂಗಾ ಇಟ್ರೂ ಜೂಜು ಜೂಜ ಅಲ್ಲೇನ್ರಿ?" ಎಂದು ಮಾಸ್ತರರು ಒಮ್ಮೆ ಕೆಣಕಿದರು.

"ಸೋತವ ಮನಿಗೆ ಹೋಗಿ ಹೆಂಡ್ತಿ ಮುಂದ ಅಳತಾನೇನ್ರಿ?" ಎಂದರು ಕಾಕಾ. "ಅಳೂದಿಲ್ಲ. ಹಂಗಾದ್ರ ಅದು ಜೂಜಲ್ಲ."

ಆಟದ ಲೆಕ್ಕ ಸರಳ. ಎಲ್ಲರಿಗೂ ಒಂದೊಂದು ಬೊಗಸೆ ಶೇಂಗಾ. ಪ್ರತಿ ಆಟಕ್ಕೆ ಒಂದೊಂದು ಕಾಯಿ ನಡುವೆ ಇಡಬೇಕು. ಕಾಯಿ ಖಾಲಿಯಾದವನು ಎದ್ದು ಹೋಗಬೇಕು, ಕೊನೆಗೆ ಉಳಿದವನು ಗೆದ್ದ. ಆದರೆ ಒಂದೊಂದೇ ಕಾಯಿ ಇಡುತ್ತ ಕೂತರೆ ಆಟ ಯುಗಾದಿಗೂ ಮುಗಿಯುವುದಿಲ್ಲ! ಆದ್ದರಿಂದ ನಡುವೆ ಒಂದು ಹೊತ್ತಿಗೆ ಎರಡಕ್ಕೆ ಏರಿಸಬೇಕು, ಆಮೇಲೆ ನಾಲ್ಕಕ್ಕೆ. ಯಾವ ಹೊತ್ತಿಗೆ? ಇದೊಂದು ಪ್ರಶ್ನೆಗೆ ನಾವು ನಾಲ್ವರು ಬಡಿದಾಡಿದಷ್ಟು ದಾಯಾದಿಗಳು ಹೊಲಕ್ಕಾಗಿ ಬಡಿದಾಡಿರಲಿಕ್ಕಿಲ್ಲ.

ಮೊದಲು ಆದ ಕರಾರು ಹೀಗೆ: ಮಿರಜ ಕಡೆಯಿಂದ ಬರುವ ಗಾಡಿ ಸಿಳ್ಳು ಹಾಕಿದ ಕೂಡಲೇ ಏರಿಸುವುದು. ಆ ಗಾಡಿ ಹೊತ್ತಿಗೆ ಸರಿಯಾಗಿ ಬಂದದ್ದನ್ನು ಸ್ಟೇಶನ್ನಿನಲ್ಲಿ ಕೂತ ನಾನೇ ಕಂಡವನಲ್ಲ. ಕಾಕಾನಿಗೆ ಅದು ಗೊತ್ತಿತ್ತು. ಕೊನೆಗೊಂದು ದಿನ ಸಿಳ್ಳು ಕೇಳಿಸಿತು. ಸಾವಕಾರರು ಹಿಗ್ಗಿ ಎರಡು ಕಾಯಿ ಇಟ್ಟರು.

"ತಗೀರಿ ಒಂದು," ಎಂದರು ಕಾಕಾ. "ಅದು ಮಾಲಗಾಡಿ. ಮಾತಾಗಿದ್ದು ಮಂದಿ ಕೂಡೂ ಗಾಡಿದು. ಬೇಕಾದ್ರ ನಮ್ಮ ಹುಡುಗನ್ನ ಕೇಳ್ರಿ, ರೇಲ್ವೇದಾಂವ ಅದಾನ."

ಸರಕಾರಿ ಪಗಾರ ತಿನ್ನುವವನು ಸುಳ್ಳು ಹೇಳಲಾದೀತೇ? ಮಾಲಗಾಡಿಯೇ ಎಂದೆ. ಸಾವಕಾರರು ನನ್ನ ಜೊತೆ ಎರಡು ವಾರ ಮಾತು ಬಿಟ್ಟರು.

ಗಾಡಿಯ ಸಹವಾಸ ಬೇಡವೆಂದು ಬಿಸಿಲಿನ ಕರಾರು ಮಾಡಿದೆವು. ಬಾಗಿಲಿನಿಂದ ಒಳಗೆ ಬಿದ್ದ ಬಿಸಿಲು ಬೀಸುಕಲ್ಲಿಗೆ ಮುಟ್ಟಿದಾಗ ಏರಿಸುವುದು. ಸೂರ್ಯನನ್ನು ಯಾರು ತಡೆದಾರು? ಆದರೂ ಬಿಸಿಲು ಮುಟ್ಟಲೇ ಇಲ್ಲ. ಎದ್ದು ನೋಡಿದರೆ ಬೀಸುಕಲ್ಲು ಅಡುಗೆ ಮನೆಯ ಹೊಸ್ತಿಲ ಹತ್ತಿರ ಹೋಗಿ ಕೂತಿದೆ!

"ಇಲ್ಲಿ ಕಾಲಿಗೆ ಎಡವತಿತ್ತು," ಎಂದರು ಕಾಕಾ. ಬೀಸುವ ಕೈ ಹೋಗಿ ಎರಡು ವರ್ಷವಾಗಿತ್ತು, ಕಲ್ಲು ಎಡವಿದ್ದು ಮಾತ್ರ ಆ ವಾರ.

ಮಾಸ್ತರರು ತಲೆ ಓಡಿಸಿ ಮೂರನೆಯ ಕರಾರು ತಂದರು. ಗಾಡಿ ಬೇಡ, ಬಿಸಿಲೂ ಬೇಡ, ನಾಲ್ವರಲ್ಲಿ ಒಬ್ಬ ಸೋತು ಎದ್ದ ಕೂಡಲೇ ಉಳಿದವರು ಏರಿಸುವುದು. ಕಾಕಾ ತಕರಾರಿಲ್ಲದೆ ಒಪ್ಪಿದರು. ಅಲ್ಲಿಯೇ ನಮಗೆ ಸಂಶಯ ಬರಬೇಕಿತ್ತು. ಮುಂದಿನ ಐತವಾರ ಯಾರೂ ಸೋಲಲಿಲ್ಲ. ಅದರ ಮುಂದಿನ ಐತವಾರವೂ ಇಲ್ಲ. ಸಾವಕಾರರು ಮಾತಿನ ಭರದಲ್ಲಿ ಪಣದ ಶೇಂಗಾವನ್ನೇ ಸುಲಿದು ಬಾಯಿಗೆ ಹಾಕಿಕೊಳ್ಳುವವರು. ಅವರ ರಾಶಿ ಕೂಡ ಕರಗಲಿಲ್ಲ! ಮಾಸ್ತರರು ಕನ್ನಡಕ ಏರಿಸಿ ಹೊಂಚು ಹಾಕಿ ಕೂತರು. ಎಲೆ ಕಲಸುವ ನೆವದಲ್ಲಿ ಕಾಕಾನ ಎಡಗೈ ತಮ್ಮ ರಾಶಿಯಿಂದ ನಾಲ್ಕು ಕಾಯಿ ಎತ್ತಿ ಸಾವಕಾರರ ರಾಶಿಗೆ ಸೇರಿಸುತ್ತಿತ್ತು. ಮಾಸ್ತರರು ಆ ಕೈ ಹಿಡಿದರು.

"ಆಟದಾಗ ಕದಿಯೋರನ್ನ ನೋಡೇನ್ರಿ," ಎಂದರು. "ಕದ್ದು ಕೊಡೋರನ್ನ ಇವತ್ತ ನೋಡಿದೆ."

ನಾನೂ ಸಾವಕಾರರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಾಸ್ತರರು ನಗಲಿಲ್ಲ. "ಮುಂದಿನ ವಾರ ಮೊದಲನೇ ಆಟದಿಂದ ನಾಕು ಕಾಯಿ. ಒಪ್ಪಿಗಿ ಇದ್ರ ಬರ್ತೇನಿ, ಇಲ್ಲಂದ್ರ ಇಲ್ಲ. ನನಗೂ ಮನಿಯೊಳಗ ಮಂದಿ ಅದಾರ, ದಾರಿ ನೋಡತಾರ."

ಕಾಕಾ ಕೆಳಗೆ ನೋಡುತ್ತ ಎಲೆಗಳನ್ನು ಜೋಡಿಸಿದರು. "ಆತು ಬಿಡ್ರಿ," ಎಂದರು. "ನಾಕ ಇಡೂನು."

ಮುಂದಿನ ಐತವಾರ ನಾಲ್ಕು ಕಾಯಿಯಿಂದಲೇ ಆಟ ಶುರುವಾಯಿತು. ಶುರುವಾಯಿತು ಎನ್ನುವುದರೊಳಗೆ ಮುಗಿದೂ ಹೋಯಿತು. ಮೊದಲು ಸಾವಕಾರರು ಎದ್ದರು, ಆಮೇಲೆ ನಾನು, ಆಮೇಲೆ ಮಾಸ್ತರರು. ಗೆದ್ದವರು ಕಾಕಾ! ಅಷ್ಟೂ ಶೇಂಗಾ ಅವರ ಮುಂದೆ. "ನೋಡ್ರಿ, ಎಷ್ಟ ಲಗೂ ಮುಗೀತು," ಎಂದು ಮಾಸ್ತರರು ಸಮಾಧಾನದಿಂದ ಚಪ್ಪಲಿ ಮೆಟ್ಟಿದರು. ಅವರು ಹೊರಟರು, ಸಾವಕಾರರು ಹೊರಟರು, ಎಲ್ಲರೂ ಹೊರಟರೆಂದು ನಾನೂ ಹೊರಟೆ.

ಹೊರಗೆ ಬಿಸಿಲು ಇನ್ನೂ ಸುಡುತ್ತಿತ್ತು. ಎಲ್ಲಿಗೆ ಹೋಗುವುದು? ಧುಪದಾಳದ ದಾರಿ ಹಿಡಿದು ಹೊಳೆಯ ಅಣೆಕಟ್ಟೆಯವರೆಗೆ ನಡೆದೆ, ನೀರು ನೋಡಿದೆ, ಎಷ್ಟು ಹೊತ್ತು ನೋಡಿದರೂ ನೀರು ನೀರೇ. ಖೋಲಿಗೆ ಹೋಗಲು ಮನಸ್ಸಾಗಲಿಲ್ಲ. ಆ ಹಲ್ಲಿಯ ಮುಖ ನೋಡಿ ಸಾಕಾಗಿತ್ತು. ಕಾಲುಗಳು ತಾವಾಗಿಯೇ ಕಾಕಾನ ಮನೆಗೆ ತಿರುಗಿದವು.

ಬಾಗಿಲು ತೆರೆದೇ ಇತ್ತು. ಒಳಗೆ ಮಾತು ಕೇಳಿಸಿತು. ಮಾಸ್ತರರು ನನಗಿಂತ ಮೊದಲೇ ತಿರುಗಿ ಬಂದರೋ ಏನೋ ಎಂದುಕೊಂಡು ಇಣುಕಿದೆ. ಜಮಖಾನೆಯ ಮೇಲೆ ಕಾಕಾ ಒಬ್ಬರೇ ಇದ್ದರು. ನಾಲ್ಕೂ ಜಾಗದ ಮುಂದೆ ಮೂರು ಮೂರು ಎಲೆ ಹಾಕಿದ್ದರು. ಗೆದ್ದ ಶೇಂಗಾವನ್ನೆಲ್ಲ ಮತ್ತೆ ನಾಲ್ಕು ಪಾಲು ಮಾಡಿದ್ದರು.

"ಏರಸ್ರಿ, ಹೊತ್ತಾತು," ಎಂದರು, ಥೇಟ್ ಮಾಸ್ತರರ ಗತ್ತಿನಲ್ಲಿ.

ಆಮೇಲೆ ತಮ್ಮ ದನಿಯಲ್ಲೇ ಉತ್ತರ ಕೊಟ್ಟರು. "ಇಷ್ಟ ಲಗೂ ಯಾಕ್ರಿ ಮಾಸ್ತರ? ಕುಂದರ್ರಿ ಇನ್ನೊಂದೀಟು."

ಮೂರು ತಿಂಗಳು ನಾವು ಜಗಳಾಡಿದ್ದು ಶೇಂಗಾಕ್ಕಲ್ಲ ಎಂದು ನನಗೆ ಆಗ ತಿಳಿಯಿತು. ಕೆಮ್ಮಿ ಒಳಗೆ ಹೋದೆ. ಕಾಕಾ ಗಡಿಬಿಡಿಯಿಂದ ಎಲೆಗಳನ್ನು ಬಳಿದುಕೊಳ್ಳತೊಡಗಿದರು. ನಾನು ಅವರ ಕೈ ತಡೆದು ನನ್ನ ಜಾಗದಲ್ಲಿ ಕೂತೆ, ನನ್ನ ಮೂರು ಎಲೆ ಎತ್ತಿಕೊಂಡೆ.

ಕಾಕಾ ತಮ್ಮ ಎಲೆಗಳನ್ನು ಎತ್ತಿಕೊಂಡರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು. "ನಾಕು ಇಡ್ಲೇನಪಾ? ನೀನೂ ಹೋಗಬೇಕಾಗಿರತೈತಿ."

"ನನಗ ಎಲ್ಲೂ ಹೋಗಬೇಕಾಗಿಲ್ಲ, ಕಾಕಾ," ಎಂದೆ. "ಒಂದ ಇಡ್ರಿ."

ಅವರು ಒಂದೇ ಕಾಯಿ ಇಟ್ಟರು.