ಚಂಪಾಳ ಬಾಣಂತನ

ಈ ದೇಶದಲ್ಲಿ ಯೋಜನೆ ಹಾಕಬಲ್ಲವರು ಇಬ್ಬರೇ. ಒಂದು ದಿಲ್ಲಿಯ ಸರಕಾರ, ಇನ್ನೊಂದು ನಾನು! ಸರಕಾರಕ್ಕೆ ಒಂದು ಯೋಜನೆಗೆ ಐದು ವರ್ಷ ಬೇಕು, ನನಗೆ ಒಂದು ಸಂಜೆ ಸಾಕು. ೧೯೮೭ರ ದೀಪಾವಳಿಗೆ ರಾಣೆಬೆನ್ನೂರಿನಿಂದ ಬ್ಯಾಡಗಿಯ ಮಾವನ ಮನೆಗೆ ನಾಲ್ಕು ದಿನದ ಮಟ್ಟಿಗೆ ಹೋಗುವುದೆಂದು ಗೊತ್ತಾದಾಗ, ನಮ್ಮ ಬೆಕ್ಕು ಚಂಪಾಳ ಸಕಲ ವ್ಯವಸ್ಥೆಯನ್ನೂ ನಾನೇ ಮೈಮೇಲೆ ಎಳೆದುಕೊಂಡೆ.

“ಆಕಿಗೆ ದಿನ ತುಂಬ್ಯಾವ್ರೀ. ಒಂದ ವಾರ ತಡದು ಹೋಗೂಣು” ಎಂದಳು ಹೆಂಡತಿ ನೀಲಗಂಗಾ.

“ಹಬ್ಬೇನು ಬೆಕ್ಕಿನ ದಿನಾ ಎಣಿಸಿ ಬರ್ತೈತೇನು? ನೀ ಗಂಟು ಕಟ್ಟು. ನಾ ಎಲ್ಲಾ ನೋಡ್ಕೊಂತೇನಿ!”

“ನೋಡ್ಕೊಳ್ರಿ. ಆದ್ರ ಬ್ಯಾಡಗಿಯಾಗ ಬೆಕ್ಕಿನ ಸುದ್ದಿ ತಗದ್ರ ಮಾತ್ರ ನಾ ಸುಮ್ಕಿರಂಗಿಲ್ಲ!”

ಕಾರಣವಿತ್ತು. ನಮ್ಮ ಅತ್ತೆ ಸಿದ್ದವ್ವನವರಿಗೆ ಬೆಕ್ಕೆಂದರೆ ಆಗದು. ಬೆಕ್ಕು ಸಾಕಿದ ಮನೆಯಲ್ಲಿ ಅವರು ನೀರು ಸಹ ಮುಟ್ಟುವವರಲ್ಲ. “ಮನಿಯಾಗ ಬೆಕ್ಕು ಗಿಕ್ಕು ಇಲ್ಲಲ್ಲ?” ಎಂದು ಕೇಳಿದಾಗಲೆಲ್ಲ ನೀಲಗಂಗಾ “ಛೇ ಛೇ” ಎನ್ನುತ್ತ ಒಂದೂವರೆ ವರ್ಷ ದಾಟಿಸಿದ್ದಳು. ಅತ್ತೆ ಬರುತ್ತಾರೆಂಬ ಸುದ್ದಿ ಬಂದರೆ ಚಂಪಾಳಿಗೆ ಪಕ್ಕದ ಮಲಂಗಸಾಬರ ಮನೆಗೆ ವರ್ಗ!

ಈ ಸಲವೂ ಚಂಪಾಳನ್ನು ಅಲ್ಲೇ ಬಿಟ್ಟೆವು. ಮಲಂಗಸಾಬರದು ಸೈಕಲ್ ಅಂಗಡಿ. ಅವರ ಹೆಂಡತಿ ರಹಿಮತಬಿಗೆ ಚಂಪಾಳ ಮೇಲೆ ನಮಗಿಂತ ಹೆಚ್ಚು ಜೀವ. ಆದರೂ ನಾನು ಕನ್ನಡ ಮಾಸ್ತರ. ಬರೆದು ಕೊಡದಿದ್ದರೆ ಕೈ ಕಡಿಯುತ್ತದೆ. ಹಾಲು ಯಾವಾಗ, ರೊಟ್ಟಿ ಎಷ್ಟು, ಮಲಗುವುದೆಲ್ಲಿ ಎಂದು ಹನ್ನೊಂದು ಕಲಮುಗಳನ್ನು ದುಂಡಗೆ ಬರೆದುಕೊಟ್ಟೆ. ಹನ್ನೊಂದನೆಯದು ಹೀಗಿತ್ತು: ‘ವಿಶೇಷವೇನಾದರೂ ಘಟಿಸಿದಲ್ಲಿ ಬ್ಯಾಡಗಿ ಬಸ್ಸಿನ ಕಂಡಕ್ಟರ ಕೈಯಲ್ಲಿ ನಮ್ಮ ಮಾವನವರ ಅಂಗಡಿಗೆ ಚೀಟಿ ಕಳಿಸತಕ್ಕದ್ದು.’ ನನ್ನ ತಲೆಗೆ ನಾನೇ ಭೇಷ್ ಅಂದುಕೊಂಡೆ. ಆ ತಲೆಗೆ ಈಗ ಏನು ಅನ್ನಬೇಕೋ ತಿಳಿಯದು.

ಬ್ಯಾಡಗಿ ಸೇರಿದ ಮರುದಿನ ಅತ್ತೆ ಮಗಳನ್ನು ಕರೆದುಕೊಂಡು ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೋದರು. ನಾನು ಪಡಸಾಲೆಯಲ್ಲಿ ಲೋಡಿಗೆ ಒರಗಿ ಅಳಿಯತನ ಅನುಭವಿಸುತ್ತಿದ್ದೆ. ಮೆಣಸಿನಕಾಯಿ ವ್ಯಾಪಾರಿಯಾದ ಮಾವ ಅಂದಾನೆಪ್ಪನವರು ಊರ ನಾಲ್ಕು ಹಿರಿಯರ ಮುಂದೆ ನನ್ನನ್ನು ಹೊಗಳುತ್ತಿದ್ದರು.

“ನಮ್ಮ ಅಳಿಯಾರು ಅಂದ್ರ ಅಪರಂಜಿ. ಇವತ್ತಿನ ತನಕ ಒಂದ ಅಡಿಕಿ ಚೂರು ಬಾಯಾಗ ಹಾಕಿಲ್ಲ ನೋಡ್ರಿ!”

ಅಷ್ಟರಲ್ಲಿ ಅವರ ಅಂಗಡಿಯ ಗುಮಾಸ್ತ ಸೋಮಣ್ಣ ಬಂದ. “ರಾಣೆಬೆನ್ನೂರಿಂದ ಮಾಸ್ತರ್ರಿಗೆ ಚೀಟಿ ಬಂದೈತ್ರೀ.”

“ಹಬ್ಬದ ಶುಭಾಶಯ ಇರಬೇಕು, ಓದಲ್ಲಾ” ಎಂದರು ಮಾವ. ನಾನು ಕೈ ಚಾಚುವುದರೊಳಗೆ ಸೋಮಣ್ಣ ಶುರುಮಾಡಿಬಿಟ್ಟ. ಪೇಟೆಯಲ್ಲಿ ಕೂಗಿ ಕೂಗಿ ಪಳಗಿದ ಗಂಟಲು!

“ಮಾಸ್ತರ್ರಿಗೆ ಮಲಂಗಸಾಬನ ಸಲಾಂ. ನಿಮ್ಮ ಚಂಪಾ ನಿನ್ನೆ ರಾತ್ರಿ ನಮ್ಮ ಮನಿಯಾಗ ಹಡದಾಳ. ತಾಯಿ ಮಕ್ಕಳು ಆರಾಮ ಅದಾರ. ಒಂದಕ್ಕಂತೂ ಥೇಟ್ ನಿಮ್ಮಂಥದ ಸಿಟ್ಟು. ಬಾಣಂತನದ ಚಿಂತಿ ಬಿಡ್ರಿ, ನಾವ ಮಾಡ್ತೀವಿ. ಮಕ್ಕಳನ್ನ ನೀವ ಇಟ್ಕೊಂತೀರೋ, ಯಾರಿಗರ ಕೊಟ್ಟು ಬಿಡೂದೋ, ಲಗೂನ ತಿಳಿಸ್ರಿ.”

ಹಿರಿಯರು ಎಲೆ ಅಡಿಕೆ ಬಾಯಲ್ಲಿಟ್ಟುಕೊಂಡೇ ನನ್ನತ್ತ ತಿರುಗಿದರು.

“ಚಂಪಾ ಯಾರು?” ಎಂದರು ಮಾವ.

“ಬೆಕ್ಕ್ರೀ ಮಾವಾರ! ನಮ್ಮನಿ ಬೆಕ್ಕು!”

“ಬೆಕ್ಕು ಹಡೀತೈತೇನ್ಲೇ? ಬೆಕ್ಕು ಮರಿ ಹಾಕ್ತೈತಿ. ಎಮ್ಮಿ ಈಯ್ತೈತಿ. ಹಡಿಯಾಕಿ ಹೆಣ್ಮಗಳು! ಕನ್ನಡ ಮಾಸ್ತರಗ ನಾ ಕನ್ನಡ ಕಲಿಸ್ಲ್ಯಾ?”

‘ಅಳಿಯಾರು’ ಒಂದೇ ಏಟಿಗೆ ‘ಏನ್ಲೇ’ಗೆ ಇಳಿದಿದ್ದರು! ವ್ಯಾಕರಣವೋ ಪೂರ್ತಿ ಅವರ ಕಡೆಗಿತ್ತು.

“ಮತ್ತ ನಿಮ್ಮತ್ತಿ ಕೇಳಿದಾಗೆಲ್ಲಾ ಮನಿಯಾಗ ಬೆಕ್ಕಿಲ್ಲ ಅಂದಾಳಲ್ಲ ಹುಡುಗಿ?”

“ಅದು... ಆಕಿ ಸುಳ್ಳು ಹೇಳ್ಯಾಳ್ರೀ.”

“ನನ್ನ ಮಗಳು ಸುಳ್ಳಬುರಕಿ, ನೀ ಸತ್ಯವಂತ! ಹೌದಿಲ್ಲೋ?”

ಅಷ್ಟರಲ್ಲಿ ಹನುಮಪ್ಪನೇ ಕಳಿಸಿದಂತೆ ತಾಯಿ ಮಗಳು ಒಳಗೆ ಬಂದರು. ಬದುಕಿದೆ ಎಂದುಕೊಂಡು ಚೀಟಿ ಕಿತ್ತುಕೊಂಡು ನೀಲಗಂಗಾಳ ಕೈಗಿಟ್ಟೆ. ಓದುತ್ತಿದ್ದಂತೆ ಅವಳ ಮುಖ ಅರಳಿತು.

“ಅಯ್ಯ ನನ ಶಿವನ! ಹಡದಳಾ! ನಾ ಬಡಕೊಂಡ್ನೋ ಇಲ್ಲೋ, ದಿನ ತುಂಬಿದಾಕಿನ್ನ ಬಿಟ್ಟು ಹೋಗೂದು ಬ್ಯಾಡ ಅಂತ!”

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ “ಯಾರು ಹಡದಾರಬೇ?” ಎಂದು ಕೇಳಿದರು.

“ಹೇಳು!” ಎಂದು ನಾನು ಗರ್ಜಿಸಿದೆ. “ಚಂಪಾ ಅಂದ್ರ ಯಾರು ಅಂತ ಎಲ್ಲಾರ ಮುಂದ ಹೇಳು!”

ನೀಲಗಂಗಾ ತಾಯಿಯತ್ತ ನೋಡಿದಳು. ಮುಖದ ಬಣ್ಣ ಇಳಿಯಿತು. ತಲೆ ತಗ್ಗಿಸಿ ಅಂದಳು: “ಅದನ್ನ... ಅವ್ವನ ಮುಂದ ಹೆಂಗ ಹೇಳ್ಲಿರೀ?”

ಸತ್ತೆ ನಾನು!

“ಹಂಗಾರ ನಿನಗೂ ಗೊತ್ತಿತ್ತಾ ಮಗಳ?” ಎಂದರು ಮಾವ.

“ತಪ್ಪಾತಪ್ಪಾ. ಇಬ್ರೂ ಕೂಡೇ ಇಟ್ಕೊಂಡ್ವಿ. ಭಾಳ ಸಾಧು ಅದಾಳಪ್ಪಾ. ಥಂಡಿ ದಿನದಾಗ ನಮ್ಮಿಬ್ಬರ ನಡುವನ ಮಲಗ್ತಾಳ...”

ಅತ್ತೆ ಕಂಬ ಹಿಡಿದು ಕುಸಿದರು. ನಾನು “ಬೆಕ್ಕು! ಬೆಕ್ಕು! ಬೆಕ್ಕು!” ಎಂದು ಕಿರುಚಿದೆ. ನೀಲಗಂಗಾ ಓಡಿ ಬಂದು ನನ್ನ ಬಾಯಿ ಮುಚ್ಚಿ, “ಸುಮ್ಕಿರ್ರೀ, ಅವ್ವಗ ಕೇಳಸ್ತೈತಿ!” ಎಂದು ಪಿಸುಗುಟ್ಟಿದಳು. ಅದನ್ನು ಕಂಡ ಒಬ್ಬ ಹಿರಿಯರು “ಪಾಪ, ಗಂಡನ ಮಾನ ಮುಚ್ಚಾಕ ಎಷ್ಟು ಒದ್ದಾಡಾಕತ್ತೈತಿ ಕೂಸು” ಎಂದು ಕಣ್ಣೊರೆಸಿಕೊಂಡರು!

ಅರ್ಧ ತಾಸಿನಲ್ಲಿ ಜೀಪು ಬಂತು. ಮಾವ, ಅತ್ತೆ, ನೀಲಗಂಗಾ, ಸಾಕ್ಷಿಗೆ ಇಬ್ಬರು ಹಿರಿಯರು, ನಡುವೆ ಆರೋಪಿ ನಾನು. ಹತ್ತುವ ಮುಂದೆ ಮಾವ ನನ್ನ ಕಿವಿಯಲ್ಲಿ ಹೇಳಿದರು: “ಅಲ್ಲಿ ಹೆಂಗಸು ಇದ್ಲು ಅಂದ್ರ, ಇದ ಜೀಪಿನಾಗ ನನ್ನ ಮಗಳು ವಾಪಸ್ ಬರ್ತಾಳ.”

ಖರೇ ಹೇಳುತ್ತೇನೆ, ಆಗ ಹೆದರಿದೆ. ಅಲ್ಲಿರುವುದು ಬೆಕ್ಕೇ ಎಂದು ಗೊತ್ತಿದ್ದೂ ಹೆದರಿದೆ. ಆ ಹೊತ್ತಿಗೆ ಸರಿಯಾಗಿ ಅದು ಮರಿಗಳನ್ನು ಕಚ್ಚಿಕೊಂಡು ಎಲ್ಲಿಗಾದರೂ ಹೋಗಿಬಿಟ್ಟಿದ್ದರೆ? ಹನ್ನೊಂದು ವರ್ಷದ ಸಂಸಾರ ಒಂದು ಬೆಕ್ಕಿನ ಬಾಯಲ್ಲಿತ್ತು!

ರಾಣೆಬೆನ್ನೂರಿನಲ್ಲಿ ಬಾಗಿಲು ತೆರೆದ ರಹಿಮತಬಿ ತುಟಿಯ ಮೇಲೆ ಬೆರಳಿಟ್ಟು, “ಸಾವಕಾಶ ಬರ್ರಿ, ಬಾಣಂತಿ ಈಗರ ಕಣ್ಣು ಮುಚ್ಯಾಳ” ಎಂದರು. ಅತ್ತೆ ಹೊಸದಾಗಿ ಅಳು ತೆಗೆದರು. ಮಾವ ಪರದೆ ಸರಿಸಿ ಒಳಗೆ ನುಗ್ಗಿದರು.

ಮೂಲೆಯಲ್ಲಿ ಒಂದು ಬಿದಿರಿನ ಬುಟ್ಟಿ. ಬುಟ್ಟಿಯಲ್ಲಿ ಚಂಪಾ. ಅವಳ ಹೊಟ್ಟೆಗಂಟಿ ನಾಲ್ಕು ಮರಿ. ಅದರಲ್ಲೊಂದು ಇನ್ನೂ ಕಣ್ಣು ಬಿಡದಿದ್ದರೂ ಮಾವನ ಸದ್ದಿಗೆ ‘ಹಿಸ್’ ಎಂದಿತು. ಸಿಟ್ಟಿನದು ಅದೇ ಇರಬೇಕು.

“ಏನ್ ಮಾರಾಯಾ, ಬೆಕ್ಕು ಹಡದಾಳ ಅಂತ ಯಾರರ ಬರೀತಾರೇನು?” ಎಂದು ಮಾವ ಮಲಂಗಸಾಬರ ಮೇಲೆ ಹರಿಹಾಯ್ದರು.

“ಮರಿ ಹಾಕೈತಿ ಅಂತನ ಬರದಿದ್ನಿರೀ” ಎಂದರು ಮಲಂಗಸಾಬರು ಕೈಕಟ್ಟಿ. “ಈಕಿ ಅದನ್ನ ಹೊಡದು ಹಾಕಿಸಿದ್ಲು. ಕನ್ನಡ ಮಾಸ್ತರ ಮನಿ ಬೆಕ್ಕು, ಸ್ವಲ್ಪ ಅದಬಿನಿಂದ, ಮರ್ಯಾದಿಯಿಂದ ಬರೀರಿ ಅಂದ್ಲು.”

ಮಾವ ಗೋಡೆ ಹಿಡಿದು ನಕ್ಕರು. ಹಿರಿಯರು ಹೊಟ್ಟೆ ಹಿಡಿದು ನಕ್ಕರು. ಅತ್ತೆ ಮಾತ್ರ ಸೆರಗು ಮೂಗಿಗಿಟ್ಟುಕೊಂಡು ಜೀಪಿನತ್ತ ಹೊರಟರು. “ಥೂ, ಬೆಕ್ಕು! ಇದಕ್ಕಿಂತ ಹೆಂಗಸಾಗಿದ್ರ ಪಾಡಿತ್ತು!”

ಎಲ್ಲರೂ ಹೋದಮೇಲೆ, ಅಷ್ಟೊತ್ತೂ ಮರಿಗಳಲ್ಲೇ ಮೈಮರೆತಿದ್ದ ನೀಲಗಂಗಾ ಕೇಳಿದಳು, “ಅವ್ವ ಬೆಕ್ಕಿಗೆ ಸಿಟ್ಟಾದ್ಲು ಸರಿ. ಅಪ್ಪಗೇನಾಗಿತ್ರೀ?” ನಾನು ವಿವರಿಸಿದೆ. ಪಡಸಾಲೆಯಲ್ಲಿ ಅಷ್ಟೂ ಜನ ನನ್ನನ್ನು ಏನೆಂದು ತಿಳಿದಿದ್ದರೆಂದು ಕೇಳಿ ಅವಳು ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವತನಕ ನಕ್ಕಳು.

ಅಷ್ಟು ನಗುವಂಥದ್ದು ಅದರಲ್ಲೇನಿತ್ತು? ನನಗೆ ಕೆಟ್ಟೆನಿಸಿತು. ಆದರೂ ಹೆಂಡತಿಯ ನಂಬಿಕೆಗೆ ಎದೆ ತುಂಬಿಬಂದು ಕೇಳಿದೆ: “ಅಲ್ಲಾ, ಆ ಚೀಟಿ ಓದಿದ್ರೂ ನಿನಗ ನನ್ನ ಮ್ಯಾಲ ಒಂದ ಗಳಿಗಿನೂ ಸಂಶೇ ಬರಲಿಲ್ಲಾ?”

“ಸಂಶೇ ಎಲ್ಲಿಂದ ಬರಬೇಕ್ರೀ?” ಎಂದಳು ಕಣ್ಣೊರೆಸಿಕೊಳ್ಳುತ್ತ. “ಇಷ್ಟು ವರ್ಷದಾಗ ನಿಮ್ಮ ಬೆನ್ನ ಹತ್ತಿ ಬಂದಾಕಿ ಅಂದ್ರ ಈ ಚಂಪಾ ಒಬ್ಬಾಕಿನ. ಅದೂ ಅವತ್ತ ನಿಮ್ಮ ಕೈಯಾಗ ಹಾಲಿನ ತಂಬಿಗಿ ಇತ್ತು ಅಂತ!”