ನಾಲ್ಕೂವರೆ ಬೆರಳಿನ ಗುರುತು

ಅನುಮಾನ ಪಡುವುದು ನನ್ನ ಉದ್ಯೋಗ. ಪತ್ರಿಕೆಯೊಂದಕ್ಕೆ ಶಹಾಬಾದಿನಿಂದ ಸುದ್ದಿ ಕಳಿಸುವವನು ನಾನು. ಚಿತ್ತಾಪುರದಲ್ಲಿ ಎತ್ತು ಬಾವಿಗೆ ಬಿತ್ತೆಂದು ಒಬ್ಬ ಹೇಳಿದರೆ, ಅಲ್ಲಿ ಬಾವಿ ಇದೆಯೇ ಎಂದು ಇನ್ನೊಬ್ಬನನ್ನು ಕೇಳುತ್ತೇನೆ. ಎತ್ತನ್ನೇ ಕೇಳಲಾಗುವುದಿಲ್ಲ ಎಂಬುದೊಂದೇ ಈ ವೃತ್ತಿಯ ಕೊರತೆ. ಈ ಶಿಸ್ತನ್ನು ನನಗೆ ತಾವು ಕಲಿಸಿದೆವೆಂದು ಸಂಪಾದಕರು ನಂಬಿದ್ದಾರೆ; ನಾನೂ ಅವರನ್ನು ಹಾಗೆಯೇ ನಂಬಲು ಬಿಟ್ಟಿದ್ದೇನೆ. ನಿಜವಾಗಿ ಕಲಿಸಿದವಳು ನನ್ನ ಅಜ್ಜಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಸೇಡಂ ತಾಲ್ಲೂಕಿನ ಆಡಕಿಯಲ್ಲಿ ಹುಟ್ಟಿ, ಶಹಾಬಾದಿನ ನಮ್ಮ ಮನೆಗೆ ಸೊಸೆಯಾಗಿ ಬಂದು, ತಂದೆ ತಾಯಿ ಇಲ್ಲದ ನನ್ನನ್ನು ಸಾಕಿ, ನಾನೂ ಚಿಕ್ಕಪ್ಪನಾದ ಕಾಕಾನೂ ಕಾಕಿಯೂ ನನ್ನ ಹೆಂಡತಿಯೂ ಇದ್ದ ಮನೆಯನ್ನು ಕೊನೆಯ ದಿನದವರೆಗೂ ತನ್ನ ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದವಳು.

ಆಯಿ ಯಾವುದನ್ನೂ ಒಂದೇ ಬಾಯಿಂದ ಕೇಳಿ ನಂಬಿದವಳಲ್ಲ. ತವರಿನಿಂದ ಬರುವಾಗ ವಾಡಿಯಲ್ಲಿ ಗಾಡಿ ಬದಲಿಸಬೇಕಿತ್ತು. ಶಹಾಬಾದಿಗೆ ಹೋಗುವ ಗಾಡಿ ಇದೇ ಹೌದೇ ಎಂದು ಮೂವರನ್ನು ಕೇಳುವಳು. ಆ ಮೂವರು ಹೇಳಿದ್ದು ಖರೆಯೇ ಎಂದು ನಾಲ್ಕನೆಯವನನ್ನು ಕೇಳುವಳು. ಒಮ್ಮೆ ಆ ನಾಲ್ಕನೆಯವನನ್ನು ವಿಚಾರಿಸುವಷ್ಟರಲ್ಲಿ ಗಾಡಿ ಹೊರಟುಹೋಯಿತು. ಆಯಿ ಪ್ಲಾಟ್‌ಫಾರ್ಮಿನ ಮೇಲೆ ಗಂಟು ಇಟ್ಟುಕೊಂಡು ಕುಳಿತು, "ಹೋಗ್ಲಿ ಬಿಡು, ಖಾತ್ರಿ ಇಲ್ದ ಗಾಡ್ಯಾಗ ಕುಂದರೋದಕ್ಕಿಂತ ಖಾತ್ರಿ ಇರೋ ನೆಲದ ಮ್ಯಾಲ ಕುಂದರೋದು ಛಲೋ" ಅಂದಳಂತೆ. ಸೇರು ಹೋಗಿ ಕಿಲೋ ಬಂದಾಗ, ಅಂಗಡಿಯವನ ಎದುರು ಒಂದು ಕಿಲೋ ಬೇಳೆ ತೂಗಿಸಿ, ಅದನ್ನೇ ಮನೆಯ ಸೇರಿನಲ್ಲಿ ಅಳೆದು, ಎರಡನ್ನೂ ನಂಬದೆ ಎದ್ದು ಬಂದಳು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಸುದ್ದಿಯನ್ನು ನಾನು ಹೆಮ್ಮೆಯಿಂದ ಓದಿ ಹೇಳಿದೆ. ಆಯಿ ಎಲೆಗೆ ಸುಣ್ಣ ಹಚ್ಚುತ್ತಾ, "ಹೆಸರು ಬದಲ್ ಮಾಡ್ಯಾರಂದ್ರ ಒಳಗ ಏನೋ ಮುಚ್ಚಲಿಕತ್ತಾರ" ಅಂದಳು. ಅದನ್ನು ನಾನು ವರದಿ ಮಾಡಲಿಲ್ಲ.

ಆದರೆ ಅವಳ ಅನುಮಾನದ ರಾಜಧಾನಿ ಅಡಿಗೆಮನೆಯ ಹಿಟ್ಟಿನ ಡಬ್ಬಿ. ಕಣದಲ್ಲಿ ರಾಶಿ ಮಾಡಿದ ಮೇಲೆ, ಅಳೆದು ಮನೆಗೆ ಸಾಗಿಸುವ ತನಕ ಜೋಳದ ರಾಶಿಯ ಮೈಮೇಲೆ ಬೂದಿಯಿಂದ ಗುರುತು ಹಾಕುವುದುಂಟು. ಯಾರಾದರೂ ಒಂದು ಬೊಗಸೆ ತೆಗೆದರೂ ಕಾಳು ಜಾರುತ್ತದೆ, ಗುರುತು ಒಡೆಯುತ್ತದೆ, ಕಳ್ಳತನ ಗೊತ್ತಾಗುತ್ತದೆ. ಆಡಕಿಯ ಕಣದ ಈ ಪದ್ಧತಿಯನ್ನು ಆಯಿ ನಮ್ಮ ಅಡಿಗೆಮನೆಗೆ ತಂದಿದ್ದಳು. ಬೆಳಿಗ್ಗೆ ರೊಟ್ಟಿಗೆ ಬೇಕಾದಷ್ಟು ಜೋಳದ ಹಿಟ್ಟು ತೆಗೆದು, ಉಳಿದದ್ದನ್ನು ಸಮ ಮಾಡಿ, ಅದರ ಮೇಲೆ ಬಲಗೈಯನ್ನು ಮೆಲ್ಲಗೆ ಒತ್ತಿ ಮುಚ್ಚಳ ಹಾಕುವಳು. ಚಿಕ್ಕಂದಿನಲ್ಲಿ ಬೀಸುವ ಕಲ್ಲಿಗೆ ಸಿಕ್ಕು ಅವಳ ಕಿರುಬೆರಳು ಅರ್ಧ ಹೋಗಿತ್ತು. ಹಾಗಾಗಿ ಹಿಟ್ಟಿನ ಮೇಲೆ ನಾಲ್ಕೂವರೆ ಬೆರಳು ಮೂಡುತ್ತಿದ್ದವು. ಓದುಬರಹ ಬಾರದ ಆಯಿಗೆ ಅದೇ ಸಹಿ, ಅದೇ ಮೊಹರು. ಮರುದಿನ ಮುಚ್ಚಳ ತೆಗೆದು ಒಂದು ಗಳಿಗೆ ನೋಡುವಳು. ಆ ಒಂದು ಗಳಿಗೆ ಮನೆಯಲ್ಲಿ ಯಾರೂ ಕೆಮ್ಮುತ್ತಿರಲಿಲ್ಲ.

ನನ್ನ ಮದುವೆಯಾದ ತಿಂಗಳಲ್ಲಿಯೇ ಒಂದು ದಿನ ಆಯಿ ಡಬ್ಬಿಯನ್ನು ನೋಡಿ, "ಇದು ನನ್ನ ಕೈ ಅಲ್ಲ" ಅಂದಳು. ಅಷ್ಟೇ. ಯಾರ ಹೆಸರನ್ನೂ ಹೇಳಲಿಲ್ಲ; ಆಧಾರವಿಲ್ಲದೆ ಹೆಸರು ಹೇಳಬಾರದೆಂಬ ನಿಯಮ ನಮ್ಮ ಪತ್ರಿಕೆಗಿಂತ ಮೊದಲೇ ಅವಳಲ್ಲಿತ್ತು. ಹೆಸರು ಒದಗಿಸಿದವಳು ಕಾಕಿ. "ಹಳೇ ಕೈಗಳು ಹಳೇವ ಅವ. ಮನ್ಯಾಗ ಹೊಸ ಕೈ ಒಂದ ಬಂದದ" ಎಂದು ಒಲೆಗೆ ಹೇಳಿದಳು. ಒಲೆಯ ಮುಂದೆ ನನ್ನ ಹೆಂಡತಿ ಶಾಂತಾ ಕುಳಿತಿದ್ದಳು. ಚಿಂಚೋಳಿ ತಾಲ್ಲೂಕಿನ ಐನಾಪುರದ ಹುಡುಗಿ, ಬಂದು ಇಪ್ಪತ್ತು ದಿನ ಆಗಿರಲಿಲ್ಲ. ಅಂದಿನಿಂದ ಹನ್ನೊಂದು ವರ್ಷ ಆ ಡಬ್ಬಿಯ ಮುಚ್ಚಳವನ್ನು ಅವಳು ಮುಟ್ಟಲಿಲ್ಲ. "ಆಯಿ, ಹಿಟ್ಟು ತಗದು ಕೊಡ್ರಿ" ಎಂದು ದಿನವೂ ಕೇಳಿ ಇಸಿದುಕೊಂಡಳು. ಐನಾಪುರದಿಂದ ಅವಳ ಅವ್ವ ಬಂದು ಹೋಗುವಾಗ, ದಾರಿಗೆ ಎರಡು ರೊಟ್ಟಿಯ ಬುತ್ತಿಯನ್ನೂ ಕಟ್ಟಲಿಲ್ಲ. ತವರಿಗೆ ಸಾಗಿಸಿದಳೆಂಬ ಮಾತು ಬರಬಾರದಲ್ಲ. ಮಗಳ ಮನೆಯಿಂದ ಬರಿಗೈಯಲ್ಲಿ ಹೊರಟ ಆ ಮುದುಕಿ ಬಸ್ಸಿನಲ್ಲಿ ಏನು ಯೋಚಿಸಿರಬೇಕೆಂದು ನಾನು ಯೋಚಿಸಲಿಲ್ಲ. ಗುರುತು ಕೆಡುವುದೂ ನಿಲ್ಲಲಿಲ್ಲ, ವಾರಕ್ಕೊಮ್ಮೆ, ಎರಡು ವಾರಕ್ಕೊಮ್ಮೆ, ಆಯಿ ಅದನ್ನೇ ಹೇಳುವಳು: "ಇದು ನನ್ನ ಕೈ ಅಲ್ಲ."

ಆಯಿ ತೀರಿಕೊಂಡ ನಾಲ್ಕನೆಯ ದಿನ ಕಾಕಾ ನನ್ನನ್ನು ಕರೆದ. ಕಾಕಾ ಭಂಕೂರಿನ ಕಲ್ಲಿನ ಗಣಿಯಲ್ಲಿ ಮೇಸ್ತ್ರಿ. ಹಾಸುಗಲ್ಲನ್ನು ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ ಸೀಳಿಸುವವನು ಮಾತನ್ನು ಮಾತ್ರ ಅಳತೆಯಿಲ್ಲದೆ ಆಡುವನು. ಕಾರ್ಯದ ದಿನ ಹಂಚಲು ಆಯಿಯ ಜೀವನ ಚರಿತ್ರೆಯ ಕರಪತ್ರ ಅಚ್ಚು ಹಾಕಿಸಬೇಕು, ನೀನೇ ಬರಿ ಅಂದ. ತಾನೇ ಒಂದು ಕರಡನ್ನೂ ಮಾಡಿಟ್ಟಿದ್ದ: 'ಕರುಣಾಮಯಿ, ಅನ್ನಪೂರ್ಣೆ, ಎಲ್ಲರನ್ನೂ ನಂಬಿದ ಸರಳ ಜೀವಿ.' ಮೊದಲೆರಡನ್ನು ಉಳಿಸಿ ಮೂರನೆಯದನ್ನು ಹೊಡೆದು ಹಾಕಿದೆ. ವಯಸ್ಸು ಬರೆಯೋಣವೆಂದರೆ ಅದಕ್ಕೂ ಆಧಾರವಿಲ್ಲ. ಪ್ಲೇಗ್ ಬಂದ ವರ್ಷ ತಾನು ತೊಟ್ಟಿಲಲ್ಲಿದ್ದೆ ಎಂದು ನನಗೆ ಹೇಳಿದ್ದಳು. ನೀರು ಹೊರುತ್ತಿದ್ದೆ ಎಂದು ಕಾಕಿಗೆ ಹೇಳಿದ್ದಳು. 'ತುಂಬು ವಯಸ್ಸಿನಲ್ಲಿ' ಎಂದು ಬರೆದೆ. ಇದು ಗೊತ್ತಿಲ್ಲದವರು ಬರೆಯುವ ಮಾತು. ನನಗೆ ಚೆನ್ನಾಗಿ ಗೊತ್ತು.

ಹೀಗೆ ಬರೆಯುತ್ತಿರುವಾಗ ಶಾಂತಾ ಬಂದು ಎದುರಿಗೆ ಕುಳಿತಳು.

"ಎಲ್ಲಾ ಬರೀಲಿಕತ್ತೀರಿ. ಹಿಟ್ಟಿಂದು ಬರದೀರೇನು?"

"ಯಾವ ಹಿಟ್ಟಿಂದು?"

"ಶಾಂತಾ ಹಿಟ್ಟು ತಗೊಂಡಿಲ್ಲ ಅಂತ. ಹನ್ನೊಂದು ವರ್ಷ ಆತು. ಕಾಕಿ ನಂಬ್ಯಾರ, ಓಣಿ ನಂಬ್ಯದ. ಆಯಿ ಹೋದ್ರು, ಇನ್ನ ಯಾರು ಹೇಳ್ತಾರ? ಊರ ಸುದ್ದಿ ಎಲ್ಲಾ ಬರೀತೀರಿ, ಮನಿ ಸುದ್ದಿ ಒಂದು ಸಾಲು ಬರೀರಿ."

"ಆಧಾರ ಬೇಕಲ್ಲ ಶಾಂತಾ."

ಅವಳು ಎದ್ದು ಅಡಿಗೆಮನೆಗೆ ನಡೆದಳು. ನಾನೂ ಹೋದೆ. ಸಾವಿನ ಮನೆ, ಒಲೆ ಹಚ್ಚಿರಲಿಲ್ಲ; ಊಟ ನೆರೆಮನೆಗಳಿಂದ ಬರುತ್ತಿತ್ತು. ಡಬ್ಬಿಯಲ್ಲಿ ಆಯಿ ಒತ್ತಿದ ಕೊನೆಯ ಅಂಗೈ ಹಾಗೆಯೇ ಇತ್ತು. ಶಾಂತಾ ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಮುಚ್ಚಳ ತೆಗೆದು, ತನ್ನ ಕೈಯನ್ನು ಆ ಗುರುತಿನ ಮೇಲೆ, ತಾಗದ ಹಾಗೆ ಹಿಡಿದಳು. ಅವಳ ಕೈ ಆ ಗುರುತಿನ ಅಳತೆಯೊಳಗೇ ಅಡಗಿಹೋಯಿತು. ಸುತ್ತಲೂ ಒಂದು ಬೆರಳಷ್ಟು ಆಯಿಯ ಕೈ ಉಳಿಯಿತು.

"ನೋಡ್ರಿ. ನಾ ಒತ್ತಿದ್ರ ಸಣ್ಣದು ಬೀಳ್ತಿತ್ತು. ಮ್ಯಾಲ ಕೈಬಳಿ ಗುರುತು ಬೇರೆ ಬೀಳ್ತಿತ್ತು. ಆಯಿಗಿ ಇದು ತಿಳೀಲಿಲ್ಲೇನು?" ಎಂದು ಕೇಳಿ, ನನ್ನ ಕೈ ಕಡೆ ನೋಡಿ, "ನಿಮ್ದು ಹಿಡೀರಿ" ಅಂದಳು.

ಪ್ರೆಸ್ಸಿನವನು ಕಾಯುತ್ತಿದ್ದಾನೆಂದು ಹೇಳಿ ನಾನು ಹೊರಗೆ ಬಂದೆ.

ಓದುಗರು ಇಷ್ಟರಲ್ಲಿ ನನ್ನನ್ನು ಅನುಮಾನಿಸಲು ಆರಂಭಿಸಿದ್ದರೆ ಅದು ಸರಿಯಾದ ಅನುಮಾನ. ಹಿಟ್ಟಿನ ಕಳ್ಳ ನಾನೇ. ಮದುವೆಯಾದ ತಿಂಗಳಲ್ಲಿಯೇ ನನಗೆ ಪತ್ರಿಕೆಯ ಕೆಲಸವೂ ಸಿಕ್ಕಿತ್ತು. ಅಂದರೆ ಮನೆಗೆ ಆ ತಿಂಗಳು ಬಂದ ಹೊಸದು ಸೊಸೆ ಒಬ್ಬಳೇ ಅಲ್ಲ, ವರದಿಗಾರನೂ ಒಬ್ಬ. ಅಚ್ಚಾದ ವರದಿಗಳನ್ನು ಕತ್ತರಿಸಿ ರಟ್ಟಿನ ಫೈಲಿನಲ್ಲಿ ಅಂಟಿಸಿಡುವ ಅಭ್ಯಾಸ ಮಾಡಿಕೊಂಡೆ. ಗೋಂದಿನ ಬಾಟಲಿ ಯಾವಾಗ ನೋಡಿದರೂ ಒಣಗಿರುತ್ತಿತ್ತು. ಎರಡು ಹಿಡಿ ಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿದರೆ ಅಂಟು ಬರುತ್ತದೆ. ಮೈದಾದಷ್ಟು ಬಿಗಿಯಲ್ಲ, ಆದರೆ ನನ್ನ ವರದಿಗಳೂ ಅಷ್ಟು ಭಾರದವಲ್ಲ. ಹಿಟ್ಟು ತೆಗೆದ ಮೇಲೆ ಸಮ ಮಾಡಿ, ಕಿರುಬೆರಳನ್ನು ಮಡಚಿ ನನ್ನ ಅಂಗೈಯನ್ನೇ ಒತ್ತುತ್ತಿದ್ದೆ. ಕೆಲಸ ಅಚ್ಚುಕಟ್ಟಾಗಿದೆಯೆಂದು ನನ್ನ ಭಾವನೆ. ಮೊದಲ ದಿನವೇ ಹೇಳಿಬಿಡಬೇಕಿತ್ತು. ಕಾಕಿ ಒಲೆಯ ಮುಂದೆ ಆ ಮಾತು ಆಡಿದಾಗ ನಾನು ಬಾಯಿ ತೆರೆದದ್ದೂ ನಿಜ. ಆದರೆ ಆಯಿ ಯಾರ ಹೆಸರನ್ನೂ ಹೇಳಿಲ್ಲವಲ್ಲ, ಹೆಸರಿಲ್ಲದ ಆಪಾದನೆಗೆ ಸ್ಪಷ್ಟನೆ ಏಕೆ ಎಂದು ಮುಚ್ಚಿಕೊಂಡೆ. ಒಂದು ವಾರ ತಡವಾದ ಸ್ಪಷ್ಟನೆಗೆ ಬೆಲೆಯಿಲ್ಲ ಎಂಬುದು ಪತ್ರಿಕೆಯವರ ಅನುಭವ. ಹನ್ನೊಂದು ವರ್ಷವಾದರೆ ಕೇಳುವುದೇ ಬೇಡ.

ಆ ದಿನ ಮಧ್ಯಾಹ್ನ, ಮಹಿಳಾ ಮಂಡಳಿಯವರು ಆಯಿಗೆ ಶಾಲು ಹೊದಿಸಿದ್ದು ಯಾವ ವರ್ಷವೆಂದು ಕರಪತ್ರಕ್ಕೆ ಬೇಕಾಗಿ, ಹಲಗೆಯ ಮೇಲಿಂದ ನನ್ನ ಮೊದಲ ಫೈಲನ್ನು ಇಳಿಸಿದೆ. ಒಳಗಿನ ಹಾಳೆಗಳಲ್ಲಿ ಅಂಟು ಇದ್ದ ಜಾಗವನ್ನೆಲ್ಲಾ ಜಿರಳೆ ತಿಂದಿದ್ದವು. ನನ್ನ ಒಂದು ವರ್ಷದ ಪತ್ರಿಕೋದ್ಯಮದಲ್ಲಿ ಜಿರಳೆಗೆ ಹಿಡಿಸಿದ್ದು ಹಿಟ್ಟು ಮಾತ್ರ. ಶಾಲಿನ ಸುದ್ದಿ ಸಿಗಲಿಲ್ಲ. ಕೊನೆಯ ಹಾಳೆ ತಿರುವಿದೆ. ಜಿರಳೆ ಮುಟ್ಟದೆ ಬಿಟ್ಟಿದ್ದ ಕಪ್ಪು ರಟ್ಟಿನ ಒಳಮೈಯಲ್ಲಿ ಬೆಳ್ಳಗೆ ಒಣಗಿದ ಒಂದು ಅಂಗೈ ಇತ್ತು. ನನ್ನದೇ ಅಂಟಿನಲ್ಲಿ ಅದ್ದಿ ಒತ್ತಿದ್ದು. ಅದರ ಹೆಬ್ಬೆರಳು, ಅದೇ ರಟ್ಟಿಗೆ ನಾನು ಅಂಟಿಸಿದ್ದ ಕೊನೆಯ ಕತ್ತರಣೆಯ ಅಂಚಿನ ಮೇಲೆ ಹಾಯ್ದಿತ್ತು. ಎಂದರೆ ಫೈಲು ತುಂಬಿದ ಮೇಲೆ, ಅಂಟು ಆರುವ ಮೊದಲು, ಯಾರೋ ಬಂದು ಒತ್ತಿ ಹೋಗಿದ್ದಾರೆ. ಬೆರಳು ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ನಾಲ್ಕೂವರೆ.

ಇದುವರೆಗೆ ನೋಡದಿದ್ದ ಸಂಗತಿಗಳು ಒಂದೊಂದಾಗಿ ಬಂದು ಎದುರಿಗೆ ನಿಂತವು. ಮದುವೆಯಾದ ವರ್ಷವೇ ಬಳೆಗಾರ್ತಿ ಬಂದಾಗ, ಶಾಂತಾಳ ಕೈಯ ಅಳತೆ ಎಷ್ಟೆಂದು ಆಯಿ ಎರಡು ಸಲ ಕೇಳಿದ್ದಳು. ಅದಾದ ಮೇಲೆ "ಇದು ನನ್ನ ಕೈ ಅಲ್ಲ" ಎಂಬ ಮಾತನ್ನು ಅವಳು ಒಲೆಯ ಹತ್ತಿರ ಹೇಳಿದ ನೆನಪಿಲ್ಲ. ಪಡಸಾಲೆಗೆ ಬಂದು, ನನ್ನ ತಾಟಿಗೆ ರೊಟ್ಟಿ ಹಾಕುವಾಗ ಹೇಳುತ್ತಿದ್ದಳು. ರೊಟ್ಟಿ ಹಾಕಿ, ಒಂದು ಗಳಿಗೆ ನನ್ನ ಮುಖ ನೋಡುತ್ತಿದ್ದಳು. ಅಡಿಗೆಮನೆಗೆ ಕೇಳಲೆಂದು ಹೇಳುತ್ತಿದ್ದಾಳೆ ಎಂದುಕೊಂಡು ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಅಡಿಗೆಮನೆಯಲ್ಲಿದ್ದ ಶಾಂತಾಳೂ ಹಾಗೆಯೇ ಅಂದುಕೊಂಡಳು. ಆಯಿ ಹತ್ತು ವರ್ಷ ನನ್ನ ಹೇಳಿಕೆಗಾಗಿ ಕಾದಳು. ನಾನು ಹತ್ತು ವರ್ಷ 'ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ.'

ಇಷ್ಟಾದರೂ ವೃತ್ತಿಯ ಚಟ ಬಿಡಲಿಲ್ಲ. ಕರಪತ್ರದ ಕೊನೆಗೆ ಒಂದು ಸಾಲು ಸೇರಿಸಿದೆ: 'ಮನೆಯ ಹಿಟ್ಟು ಕಡಿಮೆಯಾದುದರಲ್ಲಿ ಸೊಸೆಯ ಪಾತ್ರವಿಲ್ಲವೆಂದು ತಿಳಿದುಬಂದಿದೆ.' ಕರಡನ್ನು ಶಾಂತಾಳಿಗೆ ಕೊಟ್ಟೆ. ಅವಳು ಬೆರಳಿಟ್ಟು ಓದಿದಳು.

"ತಿಳಿದು ಬಂದದ. ಯಾರಿಂದ ತಿಳಿದು ಬಂತು?"

ಪತ್ರಿಕೆಯಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಒಳಗೆ ಹೋಗಿ ಫೈಲು ತಂದು ಅವಳ ಮುಂದೆ ಬಿಚ್ಚಿಟ್ಟೆ. ಅದರ ಪಕ್ಕದಲ್ಲಿ ನನ್ನ ಬಲಗೈಯನ್ನು, ಕಿರುಬೆರಳು ಮಡಚಿ, ಇಟ್ಟೆ. ಬಾಯಿಂದ ಹೇಳುವ ಅಗತ್ಯ ಬೀಳಲಿಲ್ಲ. ಶಾಂತಾ ಒಮ್ಮೆ ಆ ಗುರುತನ್ನು, ಒಮ್ಮೆ ನನ್ನ ಕೈಯನ್ನು ನೋಡಿದಳು. ಅಳುತ್ತಾಳೆಂದುಕೊಂಡೆ, ಅಳಲಿಲ್ಲ.

"ಅವರಿಗಿ ಗೊತ್ತಿತ್ತು, ಸುಮ್ನಿದ್ರು. ನಿಮಗ ಗೊತ್ತಿತ್ತು, ಸುಮ್ನಿದ್ರಿ. ಆಯಿ ಮೊಮ್ಮಗ ಇಬ್ರೂ ಒಂದ ಹಿಟ್ಟಿನ ರೊಟ್ಟಿ" ಅಂದಳು. ಆಮೇಲೆ ಪೆನ್ನು ತೆಗೆದುಕೊಂಡು ಕರಪತ್ರದ ಆ ಸಾಲನ್ನು ಹೊಡೆದಳು. "ಇದು ಬ್ಯಾಡ. ಸತ್ತವರ ಚೀಟಿ ಮ್ಯಾಲ ಇದ್ದವರ ಜಗಳ ಯಾಕ? ಕಾಕಿಗಿ ಬಾಯಿಲೆ ಹೇಳ್ರಿ. ಆಮ್ಯಾಲ ಐನಾಪುರಕ್ಕ ಬಂದು ನಮ್ಮವ್ವನ ಮುಂದ ಕುಂತು ಹೇಳ್ರಿ."

ಕಾಕಿಗೆ ಹೇಳಿದೆ. ಕಾಕಿ ಕೇಳಿಕೊಂಡು, "ನಾ ಯಾವತ್ತರ ಶಾಂತಾನ ಹೆಸರ ತಗೊಂಡೀನೇನು?" ಅಂದಳು. ದಾಖಲೆ ನೋಡಿದರೆ ಅದೂ ಸರಿ. ಅವಳು ಹೇಳಿದ್ದು ಒಲೆಗೆ.

ಕಾರ್ಯ ಮುಗಿದ ವಾರ ಐನಾಪುರಕ್ಕೆ ಹೋದೆವು. ಅತ್ತೆ ಚಹಾ ಕೊಟ್ಟು ಎದುರಿಗೆ ಕುಳಿತರು. ನಾನು ಬಟ್ಟಲನ್ನು ಕೆಳಗಿಟ್ಟು ಎಲ್ಲವನ್ನೂ ಮೊದಲಿನಿಂದ, ಕ್ರಮವಾಗಿ, ಕರ್ತೃವನ್ನು ಮರೆಮಾಚದೆ ಹೇಳಿದೆ: ನಾನು ತೆಗೆದೆ, ನಾನು ಒತ್ತಿದೆ, ನಾನು ಸುಮ್ಮನಿದ್ದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಬುತ್ತಿ ಕಟ್ಟಲಾರದಾಗ ಮಗಳಿಗಿ ನಾವ ಬ್ಯಾಡಾದ್ವಿ ಅಂತ ತಿಳದಿದ್ದೆ ನೋಡ್ರಿ. ಹನ್ನೊಂದು ವರ್ಷ ಹಂಗ ತಿಳದಿದ್ದೆ."

ಇಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ಹೊರಡುವಾಗ ನನ್ನ ಕೈಗೆ ಒಂದು ಚೀಲ ಕೊಟ್ಟರು. ಜೋಳದ ಹಿಟ್ಟು, ಐದು ಕಿಲೋಗೆ ಕಡಿಮೆಯಿಲ್ಲ.

"ತಗೊಂಡು ಹೋಗ್ರಿ ಅಳಿಯಂದಿರ. ಪೇಪರ್ ಅಂಟಸಲಿಕ್ಕ ಬೇಕಾಗ್ತದ."

ಬಸ್ಸಿನಲ್ಲಿ ಶಾಂತಾ ಚಿಂಚೋಳಿ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ನಕ್ಕಳು. ಚೀಲ ನನ್ನ ತೊಡೆಯ ಮೇಲೆಯೇ ಇತ್ತು.

ಇದಾಗಿ ಕೆಲವು ವರ್ಷಗಳಾದವು. ಹಿಟ್ಟಿನ ಡಬ್ಬಿ ಈಗ ಶಾಂತಾಳದು. ಐನಾಪುರದಿಂದ ಯಾರು ಬಂದರೂ ಹಿಂದಿನ ಬಾಕಿಯೆಲ್ಲಾ ತೀರುವ ಹಾಗೆ ದೊಡ್ಡ ಬುತ್ತಿ ಕಟ್ಟುತ್ತಾಳೆ. ಈ ಬರಹ ಅಚ್ಚಾದರೆ ಕತ್ತರಿಸಿ ಫೈಲಿಗೆ ಅಂಟಿಸಬೇಕು. ಗೋಂದಿನ ಬಾಟಲಿ ನೋಡಿದೆ, ಎಂದಿನಂತೆ ಒಣಗಿದೆ. ಅಡಿಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮುಚ್ಚಳ ತೆಗೆದೆ. ಹಿಟ್ಟಿನ ಮೇಲೆ ಒಂದು ಸಣ್ಣ ಅಂಗೈ ಇತ್ತು, ಐದು ಬೆರಳೂ ಪೂರ್ತಿ, ಮಣಿಕಟ್ಟಿನಲ್ಲಿ ಬಳೆಗಳ ಮೂರು ಗೀರು. ನನ್ನ ಕೈಯನ್ನು ಅದರ ಮೇಲೆ ಹಿಡಿದು ನೋಡಿದೆ. ಎಷ್ಟು ಬೆರಳು ಮಡಚಿದರೂ ಹೊಂದುವ ಲಕ್ಷಣ ಕಾಣಲಿಲ್ಲ. ಮುಚ್ಚಳ ಹಾಕಿ, ಬಾಟಲಿಗೆ ನೀರು ಬೆರೆಸುತ್ತಾ ಕುಳಿತಿದ್ದೇನೆ.